ಮೊದಲು ಕೋಳಿ ಎಣಿಸು, ಆಮೇಲೆ ಹುಳ ಸಾಕು

ಮಗಳೇ, ಮೊಟ್ಟೆ ತರಿಸಬೇಡ. ನಾನು ಹೇಳುತ್ತಿರುವುದು ನೊಣದ ಮೊಟ್ಟೆಯ ವಿಷಯ. ಗ್ರಾಂಗೆ ಇಷ್ಟು ಅಂತ ಬೆಲೆ ಕಟ್ಟಿ ಕೊರಿಯರಿನಲ್ಲಿ ಕಳಿಸುವವರಿದ್ದಾರೆ, ಅವರ ವಿಡಿಯೊ ನೋಡಿಯೇ ನಿನಗೆ ಕೋಳಿ ಮೇವಿಗೆ ಹುಳ ಸಾಕುವ ಈ ಹುರುಪು ಬಂದಿರಬೇಕು. ಆ ಒಂದು ಗ್ರಾಂನಲ್ಲಿ 30,000ಕ್ಕೂ ಹೆಚ್ಚು ಮೊಟ್ಟೆ ಇರುತ್ತದೆ. ಅರ್ಧ ಸತ್ತರೂ 15,000 ಬಾಯಿಗೆ ನೀನು ಊಟ ಹಾಕಬೇಕು. ಸ್ವಿಟ್ಜರ್ಲೆಂಡಿನ ಈಯಾವಾಗ್ ಸಂಶೋಧನಾ ಸಂಸ್ಥೆಯವರು ಇಂಡೋನೇಷ್ಯಾದಲ್ಲಿ ಕೆಲಸ ಮಾಡಿ 2017ರಲ್ಲಿ ಒಂದು ಕೈಪಿಡಿ ತಂದಿದ್ದಾರೆ. ಐದು ದಿನ ತುಂಬಿದ 10,000 ಮರಿಹುಳಕ್ಕೆ 12 ದಿನದಲ್ಲಿ 15 ಕೆ.ಜಿ. ಹಸಿಕಸ ಅನ್ನುವುದು ಅದರ ಲೆಕ್ಕ. ನಿಮ್ಮ ಮನೆಯಲ್ಲಿ ನಾಲ್ಕು ಜನ. ಸಿಪ್ಪೆ, ಮಿಕ್ಕ ಅನ್ನ, ಸಾರಿನ ತಳ ಎಲ್ಲ ಸೇರಿಸಿದರೂ ದಿನಕ್ಕೆ ಒಂದು ಕೆ.ಜಿ. ದಾಟುವುದು ಕಷ್ಟ. ಹಸಿದ ಹುಳ ಡಬ್ಬಿಯಲ್ಲಿ ಕೂರುವುದಿಲ್ಲ, ಗೋಡೆ ಹತ್ತಿ ಬಚ್ಚಲ ಕಡೆ ಹೊರಡುತ್ತದೆ. ಅಂದೇ ನಿಮ್ಮತ್ತೆ ಡಬ್ಬಿಯನ್ನು ಬೀದಿಗೆ ಎಸೆಯುತ್ತಾರೆ, ಅವರದು ತಪ್ಪು ಅಂತ ನಾನೂ ಹೇಳುವುದಿಲ್ಲ.

ಹುಳ ಸಾಕಲೇಬೇಡ ಅನ್ನುತ್ತಿಲ್ಲ. ಸಾಕು, ಆದರೆ ಲೆಕ್ಕ ಕೋಳಿಯಿಂದ ಶುರುವಾಗಲಿ. "ಇನ್ನು ಫೀಡ್ ಚೀಲ ತರೋದೇ ಬೇಡ ದೊಡ್ಡಮ್ಮ" ಅಂದೆಯಲ್ಲ, ಆ ಮಾತನ್ನು ಸ್ವಲ್ಪ ತೂಗಿ ನೋಡೋಣ. ನಿನ್ನ ಹತ್ತು ಕೋಳಿ ದಿನಕ್ಕೆ ಹೆಚ್ಚುಕಡಿಮೆ ಒಂದು ಕೆ.ಜಿ. ಮೇವು ತಿನ್ನುತ್ತವೆ. ನಿನ್ನ ಒಂದು ಕೆ.ಜಿ. ಮುಸುರೆಯಿಂದ ಎಲ್ಲ ಸರಿಹೋದರೆ 200 ಗ್ರಾಂ ಹಸಿ ಹುಳ, ಸರಿಹೋಗದಿದ್ದರೆ 100 ಗ್ರಾಂ. ಅದರಲ್ಲಿ ಮೂರರಲ್ಲಿ ಎರಡು ಪಾಲು ನೀರು. ಒಣಗಿಸಿ ತೂಗಿದರೆ ಕೈಗೆ ಬರುವುದು 30ರಿಂದ 60 ಗ್ರಾಂ. ಮೇವಿನ ತೂಕದಲ್ಲಿ ಅದು ಇಪ್ಪತ್ತರಲ್ಲಿ ಒಂದು ಪಾಲು ಅಂದುಕೋ. ಇಷ್ಟೇನಾ ಅಂತ ಮುಖ ಸಣ್ಣ ಮಾಡಬೇಡ. ಒಣ ಹುಳದಲ್ಲಿ ನೂರಕ್ಕೆ ಸುಮಾರು 40 ಭಾಗ ಪ್ರೊಟೀನು, 30 ಭಾಗದವರೆಗೂ ಕೊಬ್ಬು. ಮೊಟ್ಟೆ ಕೋಳಿಯ ಮೇವಿಗೆ ಬೇಕಾದ್ದು ನೂರಕ್ಕೆ 16 ಭಾಗದಷ್ಟು ಪ್ರೊಟೀನು. ಹಾಗಾಗಿ ಪ್ರೊಟೀನಿನ ಲೆಕ್ಕ ಹಿಡಿದರೆ ನಿನ್ನ ಡಬ್ಬಿ ಎಂಟರಲ್ಲಿ ಒಂದು ಪಾಲು ತುಂಬುತ್ತದೆ. ಚೀಲದಲ್ಲಿ ದುಬಾರಿ ಭಾಗವೇ ಅದು, ಸೋಯಾ ಹಿಂಡಿ ಮತ್ತು ಮೀನಿನ ಪುಡಿ. ಜೋಳ, ರಾಗಿ, ತೌಡು ನಿನಗೆ ಊರಲ್ಲೇ ಸಿಗುತ್ತದೆ. ಚೀಲ ನಿಲ್ಲುವುದಿಲ್ಲ, ಆದರೆ ನಿಧಾನವಾಗಿ ಖಾಲಿಯಾಗುತ್ತದೆ. ನಗರಸಭೆ ಗಾಡಿಗೆ ಹಾಕುವ ಹಸಿಕಸವೂ ಕಡಿಮೆಯಾಗುತ್ತದೆ. ನನ್ನ ಕೇಳಿದರೆ ಲಾಭ ಇರುವುದು ಅದರಲ್ಲೇ.

ಕೋಳಿಗೆ ಹುಳ ಹಾಕುವುದು ನಮ್ಮಲ್ಲಿ ಹೊಸದೇನೂ ಅಲ್ಲ. ಮರಿ ಮಾಡಿಸಿದ ಹೆಂಗಸರು ಗೆದ್ದಲು ಹತ್ತಿದ ಮಣ್ಣಿನ ಹೆಂಟೆ ತಂದು ಅಂಗಳದಲ್ಲಿ ಕುಟ್ಟಿ ಉದುರಿಸುತ್ತಿದ್ದರು. ರಾಮನಗರ, ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ತೆಗೆದ ಮೇಲೆ ಉಳಿಯುವ ಕೋಶದ ಹುಳ ಮೀನಿಗೂ ಕೋಳಿಗೂ ಮೇವಾಗಿ ಹೋಗುವುದು ನಿನಗೆ ಗೊತ್ತೇ ಇದೆ, ಆ ಬೀದಿಗಳ ವಾಸನೆ ಮರೆಯುವಂಥದ್ದಲ್ಲ. ಕರಾವಳಿಯಲ್ಲಿ ಜನ ಹುರಿದು ತಿನ್ನಬಹುದಾದ ಬೂತಾಯಿಯೂ ಮೀನಿನ ಪುಡಿಯ ಕಾರ್ಖಾನೆಗೆ ಹೋಗುತ್ತದೆ. ಅದು ನನಗೆ ಸರಿಕಾಣುವುದಿಲ್ಲ. ಮನುಷ್ಯರು ಮುಟ್ಟದ ಹಳಸಲು ತಿಂದು ಬೆಳೆಯುವ ಹುಳ ಆ ಜಾಗಕ್ಕೆ ಬಂದರೆ ಒಳ್ಳೆಯದೇ.

ಈಗ ನೊಣದ ವಿಷಯ. ಬ್ಲ್ಯಾಕ್ ಸೋಲ್ಜರ್ ಫ್ಲೈ, ಕಪ್ಪು ಸೈನಿಕ ನೊಣ. ಮೂಲ ಅಮೆರಿಕ ಖಂಡದ್ದು, ಈಗ ಬೆಚ್ಚಗಿರುವ ಎಲ್ಲ ದೇಶಗಳಲ್ಲೂ ಇದೆ. ನಮ್ಮ ಹಿತ್ತಲಲ್ಲೂ ಇದೆ, ನೀನು ನೋಡಿದ್ದೀಯ. ನೋಡಿ ಕಣಜ ಅಂದುಕೊಂಡು ಓಡಿರುತ್ತೀಯ. ಕಪ್ಪಗೆ, ಉದ್ದಕ್ಕೆ, ಗುಂಯ್ ಅಂತ ಸದ್ದು ಮಾಡಿಕೊಂಡು ಬರುತ್ತದೆ. ಆದರೆ ಕಣಜಕ್ಕೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ಕಾಲಿನ ತುದಿ ಬಿಳಿ, ಹೊಟ್ಟೆಯ ಬುಡದಲ್ಲಿ ಬೆಳಕು ಹಾಯುವ ಎರಡು ಕಿಟಕಿ. ಕುಟುಕುವ ಮುಳ್ಳಿಲ್ಲ, ಕಚ್ಚುವ ಬಾಯಿಲ್ಲ. ರೆಕ್ಕೆ ಬಂದ ಮೇಲೆ ಅದು ಊಟದ ಹಿಂದೆ ಬೀಳುವುದಿಲ್ಲ, ಹುಳವಾಗಿದ್ದಾಗ ಕೂಡಿಟ್ಟ ಕೊಬ್ಬಿನ ಮೇಲೆ ಒಂದು ವಾರವೋ ಸ್ವಲ್ಪ ಹೆಚ್ಚೋ ಬದುಕಿ, ಬಿಸಿಲಲ್ಲಿ ಜೊತೆಗೂಡಿ, ಮೊಟ್ಟೆ ಇಟ್ಟು ಸಾಯುತ್ತದೆ. ಹಾಗಾಗಿ ನಿನ್ನ ತಟ್ಟೆಯ ಮೇಲೆ ಬಂದು ಕೂರುವ ನೊಣ ಇದಲ್ಲ. ಹೆಣ್ಣು ನೊಣ ಕೊಳೆತದ್ದರ ಮೇಲೆ ಮೊಟ್ಟೆ ಇಡುವುದಿಲ್ಲ, ಅದರ ಪಕ್ಕದ ಒಣ ಸಂದಿಯಲ್ಲಿ ಇಡುತ್ತದೆ, ಒಂದು ಸಲಕ್ಕೆ ಐನೂರು, ಏಳುನೂರು. ನಾಲ್ಕು ದಿನದಲ್ಲಿ ಮರಿ ಒಡೆದು ಕೆಳಗೆ ಉದುರುತ್ತವೆ. ಈ ಸಂದಿಯ ಗುಟ್ಟು ನೆನಪಿಡು, ಆಮೇಲೆ ಕೆಲಸಕ್ಕೆ ಬರುತ್ತದೆ.

ನಿಮ್ಮ ಬೀದಿಯಲ್ಲಿ ರೇಷ್ಮೆ ಮನೆಗಳಿವೆ. ನೊಣ ಸಾಕುತ್ತೀನಿ ಅಂತ ನೀನು ಬಾಯಿಬಿಟ್ಟ ಕೂಡಲೇ ಅವರ ಎದೆ ಧಸಕ್ಕೆನ್ನುತ್ತದೆ. ಅದಕ್ಕೆ ಕಾರಣವಿದೆ. 1980ರಲ್ಲಿ ಊಜಿ ನೊಣ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಹೊಕ್ಕ ಮೇಲೆ ಎಷ್ಟೋ ಮನೆಗಳ ಬೆಳೆ ಹೋಯಿತು. ಕಿಟಕಿ ಬಾಗಿಲಿಗೆ ಬಲೆ ಕಟ್ಟುವುದು ಶುರುವಾಗಿದ್ದು ಆಗ. ಊಜಿ ಬದುಕಿರುವ ರೇಷ್ಮೆ ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ. ನಿನ್ನ ಕಪ್ಪು ನೊಣಕ್ಕೆ ಬದುಕಿರುವ ಹುಳ ಬೇಡ, ಕೊಳೆತದ್ದು ಬೇಕು. ಇಷ್ಟನ್ನು ಅವರಿಗೆ ಸಮಾಧಾನವಾಗಿ ಹೇಳು, ಒಂದು ನೊಣ ಹಿಡಿದು ತೋರಿಸು. ಆದರೂ ಡಬ್ಬಿಯನ್ನು ಅವರ ಹುಳು ಮನೆಯ ಗೋಡೆಗೆ ಒತ್ತಿ ಇಡಬೇಡ. ನಾಳೆ ಬೇರೆ ಯಾವ ಕಾರಣಕ್ಕೋ ಬೆಳೆ ಕೆಟ್ಟರೂ ಕಣ್ಣು ನಿನ್ನ ಡಬ್ಬಿ ಮೇಲೆ ಬೀಳುತ್ತದೆ. ರೇಷ್ಮೆ ಹಾಸಿಗೆಯ ಕಸ ಪುಕ್ಕಟೆ ಸಿಗುತ್ತದೆ ಅಂತ ತಂದು ಹಾಕಲೂಬೇಡ, ಅದರಲ್ಲಿ ಸುಣ್ಣ, ಸೋಂಕು ಕೊಲ್ಲುವ ಪುಡಿ ಬೆರೆತಿರುತ್ತದೆ.

ಮನೆನೊಣ ಹೆಚ್ಚಾಗುತ್ತದಾ ಅಂತ ಕೇಳಿದೆ. ಡಬ್ಬಿ ಚೆನ್ನಾಗಿ ನಡೆದರೆ ಕಡಿಮೆಯಾಗುತ್ತದೆ. ಜಾರ್ಜಿಯಾ ವಿಶ್ವವಿದ್ಯಾಲಯದ ಕ್ರೇಗ್ ಶೆಪರ್ಡ್ ಎಂಬುವರು 1980ರ ದಶಕದಲ್ಲೇ ಕೋಳಿ ಪಂಜರದ ಕೆಳಗಿನ ಹಿಕ್ಕೆಯಲ್ಲಿ ಇದನ್ನು ಗಮನಿಸಿ ಬರೆದರು: ಈ ಹುಳ ದಟ್ಟವಾಗಿ ತುಂಬಿಕೊಂಡ ಕಡೆ ಮನೆನೊಣ ಮೊಟ್ಟೆ ಇಡಲು ಬರುವುದಿಲ್ಲ. ಆದರೆ ಮೊದಲ ಒಂದೆರಡು ವಾರ ಮನೆನೊಣವೇ ಮುಂದೆ ಬರುತ್ತದೆ. ಗುರುತು ಹೇಳುತ್ತೀನಿ. ಮನೆನೊಣದ ಹುಳ ಬೆಳ್ಳಗೆ, ನುಣ್ಣಗೆ, ಒಂದು ತುದಿ ಚೂಪಾಗಿರುತ್ತದೆ. ನಮ್ಮದು ಚಪ್ಪಟೆ, ಗಂಟು ಗಂಟಾದ ಗಟ್ಟಿ ಚರ್ಮ, ಚಿಕ್ಕ ಕಪ್ಪು ತಲೆ. ಬೆಂಗಳೂರಿನಲ್ಲಿ ತಾರಸಿ ಮೇಲೆ ಗೊಬ್ಬರ ಮಾಡುವವರು ಮಡಕೆ ತೆರೆದು ಹೌಹಾರುವುದು ಬಹುಪಾಲು ಈ ಎರಡನೆಯದನ್ನು ನೋಡಿ. ಕರೆಯದೆ ಬಂದ ಕೆಲಸದವರ ಮೇಲೆ ಉಪ್ಪು ಸುರಿಯುತ್ತಾರೆ ಪಾಪ.

ಡಬ್ಬಿಗೆ ದುಡ್ಡು ಹಾಕಬೇಡ. ಅಗಲ ಬಾಯಿಯ ಹಳೆ ಟಬ್ಬೋ, ತರಕಾರಿ ಕ್ರೇಟಿನ ಅಳತೆಯ ಡಬ್ಬವೋ ಸಾಕು. ಆಳಕ್ಕಿಂತ ಅಗಲ ಮುಖ್ಯ. ಹುಳಕ್ಕೆ ಉಸಿರು ಬೇಕು, ಮುಸುರೆ ನಾಲ್ಕು ಬೆರಳಿಗಿಂತ ದಪ್ಪ ಕೂತರೆ ತಳದಲ್ಲಿ ಗಾಳಿ ಹೋಗದೆ ನಾರುತ್ತದೆ. ತಳಕ್ಕೆ ಸಣ್ಣ ತೂತು ಹಾಕಿ ಕೆಳಗೊಂದು ಬೇಸಿನ್ನು ಇಡು, ಕಪ್ಪು ರಸ ಸೋರುತ್ತದೆ. ಮೊದಲ ಹಾಸು ಎರಡು ಬೆರಳಷ್ಟು ತೆಂಗಿನ ನಾರಿನ ಪುಡಿ. ಡಬ್ಬಿಯನ್ನು ಕಾಲಿರುವ ಮಣೆಯ ಮೇಲಿಟ್ಟು, ಆ ಕಾಲುಗಳ ಕೆಳಗೆ ನೀರು ತುಂಬಿದ ಚಿಪ್ಪು ಇಡಲೇಬೇಕು, ಮರೆತರೆ ಒಂದೇ ರಾತ್ರಿಯಲ್ಲಿ ಇರುವೆ ಎಲ್ಲವನ್ನೂ ಸಾಗಿಸುತ್ತದೆ. ಇಲಿಗೆ ಬಲೆ, ಮಳೆಗೆ ತಗಡು, ಮಧ್ಯಾಹ್ನದ ಬಿಸಿಲಿಗೆ ನೆರಳು. ಮುಚ್ಚಳ ಬಿಗಿಯಾಗಿ ಹಾಕಬೇಡ.

ನೊಣವನ್ನು ಕರೆಯುವುದು ಹೀಗೆ. ಒಂದು ಹಿಡಿ ಜೋಳವನ್ನೋ ತೌಡನ್ನೋ ನೀರಲ್ಲಿ ಮೂರು ನಾಲ್ಕು ದಿನ ಹುಳಿ ಬರಿಸಿ ಹಾಸಿನ ಮೇಲೆ ಸುರಿ. ಅಂಗಡಿಯ ರಟ್ಟಿನ ಪೆಟ್ಟಿಗೆ ಇರುತ್ತದಲ್ಲ, ಅಂಚಿನಲ್ಲಿ ಸಣ್ಣ ಸಣ್ಣ ಕೊಳವೆ ಕಾಣುವಂಥದ್ದು, ಅದನ್ನು ಅಂಗೈಯಗಲ ಕತ್ತರಿಸಿ ಎರಡು ಮೂರು ಪದರ ಕಟ್ಟಿ ಒದ್ದೆ ತಾಗದಂತೆ ಮೇಲೆ ತೂಗುಹಾಕು. ಸಂದಿ ಅಂದೆನಲ್ಲ, ಅದು ಇದೇ. ಹಳದಿ ಬಣ್ಣದ ಮೊಟ್ಟೆಯ ಗೊಂಚಲು ಆ ಕೊಳವೆಗಳಲ್ಲಿ ಕಾಣಿಸಿಕೊಂಡ ದಿನ ನೀನು ಗೆದ್ದ ಹಾಗೆ. ಜೂನ್ ಮಳೆ ಬಿದ್ದ ಮೇಲೆ ಶುರು ಮಾಡಿದರೆ ಹೆಚ್ಚು ಕಾಯಬೇಕಾಗಿಲ್ಲ. ಡಿಸೆಂಬರಿನಲ್ಲಿ ಶುರು ಮಾಡಿ ನೊಣ ಬರಲಿಲ್ಲ ಅಂತ ನನಗೆ ಫೋನು ಮಾಡಬೇಡ. ಈ ಜೀವಕ್ಕೆ 27, 30 ಡಿಗ್ರಿ ಹಿತ. ಚಳಿಯಲ್ಲಿ ಮೊದ್ದಾಗಿ ಕೂರುತ್ತದೆ, ಎರಡು ಮೂರು ವಾರದಲ್ಲಿ ಮುಗಿಯಬೇಕಾದ ಬೆಳವಣಿಗೆ ಎರಡರಷ್ಟು ಎಳೆಯುತ್ತದೆ. ಆ ತಿಂಗಳುಗಳಲ್ಲಿ ಮುಸುರೆಯೂ ಅರ್ಧ ಹಾಕು. ಬೇಸಿಗೆಯಲ್ಲಿ ಇನ್ನೊಂದು ಕಷ್ಟ. ಹುಳ ಗಿಜಿಗಿಜಿ ತಿರುಗಾಡುವುದರಿಂದಲೇ ಡಬ್ಬಿ ಬಿಸಿಯಾಗುತ್ತದೆ, ಹೊರಗಿನ ಬಿಸಿಲೂ ಸೇರಿಕೊಂಡರೆ ಎಲ್ಲ ಒಟ್ಟಿಗೆ ಹೊರಗೆ ಹೊರಡುತ್ತವೆ. ರಾಯಚೂರು, ಕಲಬುರಗಿ ಕಡೆ ಇದ್ದಿದ್ದರೆ ಏಪ್ರಿಲ್, ಮೇ ತಿಂಗಳು ಬಿಟ್ಟೇಬಿಡು ಅನ್ನುತ್ತಿದ್ದೆ.

ಏನು ಹಾಕಬೇಕು ಅನ್ನುವುದರಲ್ಲಿ ನನ್ನದು ಸ್ವಲ್ಪ ಹಟ. ಹಸು ತಿನ್ನುವುದು ಹಸುವಿಗೆ ಹೋಗಲಿ. ಪಕ್ಕದ ಮನೆಯ ಹಸುವಾದರೂ ಸರಿ, ಕಲಗಚ್ಚು ಅದರ ಪಾಲು. ಕೋಳಿ ನೇರವಾಗಿ ತಿನ್ನುವುದು ಕೋಳಿಗೆ: ಮಿಕ್ಕ ಅನ್ನ, ಮುದ್ದೆಯ ಚೂರು, ಸೊಪ್ಪಿನ ಕಡ್ಡಿ. ಅದನ್ನು ಹುಳಕ್ಕೆ ಹಾಕಿ, ಹುಳವನ್ನು ಕೋಳಿಗೆ ಹಾಕುವುದು ಸುತ್ತು ಬಳಸಿದ ದಾರಿ, ನಡುವೆ ಬಹಳಷ್ಟು ಸೋರಿಹೋಗುತ್ತದೆ. ಈ ಎರಡೂ ಬಾಯಿ ಬೇಡವೆಂದದ್ದು ಮಾತ್ರ ಡಬ್ಬಿಗೆ. ಕೊಳೆತ ಬಾಳೆಹಣ್ಣು, ಹಲಸಿನ ಹೊರಸಿಪ್ಪೆಯ ಒಳಗಿನ ಮೆತ್ತನೆ ಭಾಗ, ಮಾವಿನ ಗೊರಟು ಸಿಪ್ಪೆ, ಪಪ್ಪಾಯಿ, ಹಳಸಿದ ಸಾಂಬಾರಿನ ತರಕಾರಿ, ಫಿಲ್ಟರಿನ ಕಾಫಿ ಗಷ್ಟು. ನೀರು ಬಸಿದು ಹಾಕು. ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಬರಬಾರದು. ಒಣ ಎಲೆ, ತೆಂಗಿನ ನಾರು, ಕಬ್ಬಿನ ಸಿಪ್ಪೆ ಇವಕ್ಕೆ ಅರಗುವುದಿಲ್ಲ. ಮೂಳೆ ಹಾಗೇ ಉಳಿಯುತ್ತದೆ. ನಿಂಬೆ ಸಿಪ್ಪೆ, ಈರುಳ್ಳಿ ಸಿಪ್ಪೆ ಒಂದಿಷ್ಟು ಬಿದ್ದರೆ ಚಿಂತೆಯಿಲ್ಲ, ರಾಶಿ ಹಾಕಬೇಡ. ಉಪ್ಪಿನಕಾಯಿ ಬೇಡ.

ಎಷ್ಟು ಹಾಕಬೇಕು ಅನ್ನುವುದಕ್ಕೆ ತಕ್ಕಡಿ ಬೇಡ, ಮೂಗು ಸಾಕು. ಚೆನ್ನಾಗಿರುವ ಡಬ್ಬಿ ಹುಳಿ ಬಂದ ದೋಸೆ ಹಿಟ್ಟಿನ ಹಾಗೆ ವಾಸನೆ ಬರುತ್ತದೆ. ಅದಕ್ಕಿಂತ ಕೆಟ್ಟದಾಗಿ ನಾರಿದರೆ ನೀನು ಹೆಚ್ಚು ಬಡಿಸಿದ್ದೀಯ ಅಂತಲೇ ಅರ್ಥ. ಎರಡು ದಿನ ಏನೂ ಹಾಕಬೇಡ, ಒಂದು ಬೊಗಸೆ ನಾರಿನ ಪುಡಿ ಬೆರೆಸಿ ಕೆದಕು. ನಿನ್ನೆ ಹಾಕಿದ್ದು ಇವತ್ತು ಗುರುತು ಸಿಗದಂತಾಗಿದ್ದರೆ ಮಾತ್ರ ಇವತ್ತಿನದು. ಮೀನಿನ ತಲೆ, ಬಾಲ ಒಂದಿಷ್ಟಿದ್ದರೆ ಹಾಸಿನೊಳಗೆ ಹೂತುಹಾಕು.

ಕೋಳಿಯ ಕರುಳು, ಪುಕ್ಕ, ಹಿಕ್ಕೆ ತಿನ್ನಿಸಿದ ಹುಳವನ್ನು ಕೋಳಿಗೇ ಹಾಕುವುದು ಮಾತ್ರ ಬೇಡವೇ ಬೇಡ. ಹುಳದ ಹೊಟ್ಟೆಯಲ್ಲಿ ರೋಗಾಣು ಕಡಿಮೆಯಾಗುತ್ತದೆ ಅನ್ನುವುದು ನಿಜ, ಪೂರ್ತಿ ಸಾಯುತ್ತದೆ ಅನ್ನುವುದು ನಿಜವಲ್ಲ. ಸಂತೆಯಲ್ಲಿ ಬಿಸಾಡಿದ ಹೂಕೋಸಿನ ಎಲೆ, ಹೂವಿನ ಅಂಗಡಿಯ ಬಾಡಿದ ಹೂ ಇವೂ ಬೇಡ, ಅದರ ಮೇಲೆ ಹೊಡೆದ ಔಷಧಿ ಯಾವುದೆಂದು ಹೊಡೆದವರಿಗೇ ನೆನಪಿರುವುದಿಲ್ಲ. ಕೀಟನಾಶಕ ಅಂದರೆ ಕೀಟವನ್ನು ಕೊಲ್ಲುವುದು ತಾನೇ, ನಿನ್ನ ಡಬ್ಬಿಯಲ್ಲಿರುವುದೂ ಕೀಟವೇ. ಚರಂಡಿ ಬದಿಯ ಕಸದಲ್ಲಿ ಕ್ಯಾಡ್ಮಿಯಂ ಥರದ ಲೋಹವಿದ್ದರೆ ಅದು ಹುಳದ ಮೈಯಲ್ಲಿ ಕೂಡಿಕೊಳ್ಳುತ್ತದೆ, ಅಲ್ಲಿಂದ ಮುಂದಕ್ಕೆ ಹೋಗುತ್ತದೆ. ನಿನ್ನ ಅಡುಗೆಮನೆಯಿಂದ ಬಂದದ್ದು, ನಿನ್ನ ಕೈಯಿಂದ ಹಾಕಿದ್ದು, ಅಷ್ಟೇ ಇರಲಿ.

ಹುಳ ಬೆಳ್ಳಗೆ, ಬೆರಳಿನ ಒಂದು ಗೆಣ್ಣಿನಷ್ಟು ಉದ್ದವಾದಾಗ ಕೋಳಿಗೆ ಹದ. ಆಮೇಲೆ ಅದು ತಿನ್ನುವುದು ಬಿಟ್ಟು, ಹೊಟ್ಟೆ ಖಾಲಿ ಮಾಡಿಕೊಂಡು, ಕಂದು ಬಣ್ಣಕ್ಕೆ ತಿರುಗಿ ಒಣ ಜಾಗ ಹುಡುಕಿಕೊಂಡು ತಾನೇ ಹೊರಡುತ್ತದೆ. ಕತ್ತಲಾದ ಮೇಲೆ ಈ ಯಾತ್ರೆ ಹೆಚ್ಚು. ಡಬ್ಬಿಯ ಒಂದು ಬದಿಗೆ ಓರೆಯಾಗಿ ಹಲಗೆ ಇಟ್ಟು, ಅದರ ತುದಿಗೆ ಒಣ ಪುಡಿ ಹಾಕಿದ ಡಬ್ಬ ನೇತುಹಾಕಿದರೆ ಹತ್ತಿ ಹೋಗಿ ಅದರಲ್ಲಿ ಬೀಳುತ್ತವೆ. ವಿಡಿಯೊದವರು ತೋರಿಸುವ ಜಾದೂ ಇದೇ. ಅವರು ಹೇಳದ ಮಾತು ಏನೆಂದರೆ, ಒಳಗೋಡೆ ಒದ್ದೆಯಾಗಿದ್ದರೆ ಹುಳಕ್ಕೆ ಹಲಗೆಯೇ ಬೇಕಿಲ್ಲ, ನೆಟ್ಟಗಿನ ಗೋಡೆಯನ್ನೂ ಹತ್ತುತ್ತದೆ. ದಿನಕ್ಕೊಂದು ಸಲ ಅಂಚನ್ನು ಒಣ ಬಟ್ಟೆಯಲ್ಲಿ ಒರೆಸು. ಹಾಗೆ ಬಿದ್ದ ಕಂದು ಹುಳದ ಚರ್ಮ ಬಿರುಸು. ಅದರಲ್ಲಿ ಹತ್ತಕ್ಕೆ ಒಂದನ್ನು ಹಿತ್ತಲ ಮೂಲೆಯ ಒಣ ಮಣ್ಣಿಗೆ ಬಿಡು, ಎರಡು ಮೂರು ವಾರದಲ್ಲಿ ರೆಕ್ಕೆ ಬಂದು ನಿನ್ನ ರಟ್ಟಿಗೇ ಹಿಂದಿರುಗುತ್ತವೆ. ದೊಡ್ಡ ಘಟಕದವರ ಹಾಗೆ ಪರದೆ ಕಟ್ಟಿ, ದೀಪ ಹಾಕಿ ನೊಣಕ್ಕೆ ಮದುವೆ ಮನೆ ಮಾಡಿಕೊಡುವ ಉಸಾಬರಿ ನಿನಗೆ ಬೇಡ.

ಒಂದು ಕೋಳಿಗೆ ಸಂಜೆ ಒಂದು ಚಮಚ ಹಸಿ ಹುಳ, ಹೆಚ್ಚೆಂದರೆ ಎರಡು. ಬೆಳಿಗ್ಗೆ ಹಾಕಿದರೆ ಅವು ಆಮೇಲೆ ಕಾಳು ಮುಟ್ಟದೆ ನಿನ್ನ ಹಿಂದೆಯೇ ಅಲೆಯುತ್ತವೆ. ಕೊಬ್ಬು ಜಾಸ್ತಿ ಇರುವ ಮೇವು, ಅತಿಯಾದರೆ ಕೋಳಿ ಕೊಬ್ಬಿ ಮೊಟ್ಟೆ ಕಡಿಮೆ ಮಾಡುತ್ತದೆ. ಎಳೆ ಮರಿಗಳಿಗೆ ಸಣ್ಣ ಹುಳ ಆರಿಸಿ ಹಾಕು. ಹುಳದಲ್ಲಿ ಸುಣ್ಣದಂಶ ಇದೆ ಅಂತ ಚಿಪ್ಪಿನ ಪುಡಿ ನಿಲ್ಲಿಸಬೇಡ, ಮೊಟ್ಟೆಯ ಚಿಪ್ಪು ತೆಳುವಾದೀತು. ಕೂಡಿಡಬೇಕೆಂದರೆ ತೊಳೆದು, ಕುದಿಯುವ ನೀರಲ್ಲಿ ಎರಡು ನಿಮಿಷ ಅದ್ದಿ, ಬಿಸಿಲಲ್ಲಿ ಕಲಕಲ ಅನ್ನುವಷ್ಟು ಒಣಗಿಸು. ಕೊಬ್ಬಿರುವುದರಿಂದ ಬೇಗ ಕಮಟು ಹಿಡಿಯುತ್ತದೆ, ವರ್ಷಕ್ಕಾಗುವಷ್ಟು ತುಂಬಿಡುವ ಆಸೆ ಬೇಡ. ಬಾವಿಕಟ್ಟೆಯ ತೊಟ್ಟಿಯಲ್ಲಿ ಮೀನು ಬಿಟ್ಟಿದ್ದರೆ ಅವಕ್ಕೂ ಆಗುತ್ತದೆ, ಬಾತುಕೋಳಿಗಂತೂ ಹಬ್ಬ. ಹಸು ಮೇಕೆಗೆ ಇದು ಮೇವಲ್ಲ.

ಕುದಿಯುವ ನೀರು ಅಂದಾಗ ನಿನ್ನ ಮುಖ ಹೇಗಾಗಿರುತ್ತದೆ ಅಂತ ಊಹಿಸಬಲ್ಲೆ. ನಿಮ್ಮತ್ತೆಗಂತೂ ಒಪ್ಪಿಗೆಯಾಗಲಿಕ್ಕಿಲ್ಲ. ಒತ್ತಾಯ ಬೇಡ. ಕೋಳಿ ತಾನೇ ಹೆಕ್ಕಿ ತಿನ್ನುವುದು ಕೆದಕುವ ಹಕ್ಕಿಯ ಸಹಜ ಊಟ, ಅದಕ್ಕೆ ಯಾರೂ ಅಡ್ಡ ಹೇಳುವುದಿಲ್ಲ. ಒಣಗಿಸುವ ಕೆಲಸವನ್ನೇ ಕೈಬಿಟ್ಟು, ಆ ದಿನದ್ದು ಆ ದಿನ ಹಾಕಿ ಮುಗಿಸಿದರೆ ಮನೆಯಲ್ಲಿ ಮಾತೂ ಬರುವುದಿಲ್ಲ, ಗ್ಯಾಸೂ ಉಳಿಯುತ್ತದೆ. ಡಬ್ಬಿ ಅಡುಗೆಮನೆಯ ಬಾಗಿಲಿಗೆ ಕಾಣದ ಕಡೆ ಇರಲಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆ. ಡಬ್ಬಿಯ ಒಣ ಪುಡಿ ಜರಡಿ ಹಿಡಿಯುವಾಗ ಮೂಗಿಗೆ ಬಟ್ಟೆ ಕಟ್ಟು, ಕೆಲವರಿಗೆ ಆ ಧೂಳು ಆಗುವುದಿಲ್ಲ.

ಇನ್ನು ನಿನ್ನ ಗಂಡ ಹೇಳುತ್ತಿದ್ದ ಯೋಜನೆ. ಒಂದು ಲಕ್ಷ ಹಾಕಿ, ಶೆಡ್ಡು ಕಟ್ಟಿ, ಅವರೇ ಮೊಟ್ಟೆ ಕೊಟ್ಟು, ಅವರೇ ಹುಳ ಕೊಂಡುಕೊಳ್ಳುತ್ತಾರೆ ಅನ್ನುವುದು. 2003ರ ಸುಮಾರಿಗೆ ವೆನಿಲಾ ಬಳ್ಳಿಗೆ ಬೆಲೆ ಏರಿದಾಗ ಮಲೆನಾಡಿನಲ್ಲಿ, ದಕ್ಷಿಣ ಕನ್ನಡದಲ್ಲಿ ಜನ ರಾತ್ರಿ ತೋಟ ಕಾದರು. ಒಂದೆರಡು ವರ್ಷದಲ್ಲಿ ಕೇಳುವವರಿಲ್ಲದಾಯಿತು. 2012ರಲ್ಲಿ ತಮಿಳುನಾಡಿನ ಪೆರುಂದುರೈ ಕಡೆಯ ಎಮು ಕಂಪನಿಗಳು ಮುಳುಗಿದಾಗ ಹಕ್ಕಿಗೆ ಮೇವು ಹಾಕುವವರೂ ಇರಲಿಲ್ಲ. ಬಳ್ಳಿ ಕೆಟ್ಟದ್ದಾಗಿರಲಿಲ್ಲ, ಹಕ್ಕಿಯೂ ಕೆಟ್ಟದ್ದಾಗಿರಲಿಲ್ಲ. ಕೊಳ್ಳುವವನು ಒಬ್ಬನೇ, ಅವನೇ ಬೀಜ ಮಾರುವವನೂ ಆಗಿದ್ದರೆ ಅಲ್ಲಿ ಕೂರಬೇಡ. ಹುಳದ ವ್ಯಾಪಾರ ಪ್ರಪಂಚದಲ್ಲಿ ಇಲ್ಲ ಅಂತಲ್ಲ. ಯುರೋಪ್ ಒಕ್ಕೂಟ 2017ರಲ್ಲಿ ಸಾಕು ಮೀನಿಗೆ, 2021ರಲ್ಲಿ ಕೋಳಿ ಹಂದಿಗಳಿಗೆ ಕೀಟದ ಪ್ರೊಟೀನು ಹಾಕಲು ಒಪ್ಪಿಗೆ ಕೊಟ್ಟಿತು. ಆದರೆ ಅಡುಗೆಮನೆಯ ಮುಸುರೆ ತಿನ್ನಿಸಿ ಬೆಳೆಸಿದ ಹುಳ ಅಲ್ಲಿ ನಡೆಯುವುದಿಲ್ಲ, ಹುಳಕ್ಕೂ ಮೇವಿನ ಕಾಯಿದೆಯೇ ಲಾಗೂ. ನಿನ್ನ ಮುಸುರೆಯ ಹುಳ ನಿನ್ನ ಕೋಳಿಗೆ, ಆ ಕೋಳಿಯ ಮೊಟ್ಟೆ ನಿನ್ನ ಮಕ್ಕಳಿಗೆ. ಹುಳವನ್ನು ಬೇರೆಯವರಿಗೆ ಮಾರಬೇಡ. ಏನಾದರೂ ಹೆಚ್ಚುಕಡಿಮೆಯಾದರೆ ಉತ್ತರ ಹೇಳುವವಳು ನೀನೇ ಆಗುತ್ತೀಯ.

ಡಬ್ಬಿಯಲ್ಲಿ ಕೊನೆಗೆ ಉಳಿಯುವ ಕಪ್ಪು ಪುಡಿಯನ್ನು ಹಾಗೇ ಗಿಡಕ್ಕೆ ಹಾಕಿದರೆ ಎಳೆ ಸಸಿ ಸುಡುತ್ತದೆ. ಒಣ ಎಲೆಯ ಜೊತೆ ಬೆರೆಸಿ ಒಂದು ತಿಂಗಳು ಮೂಲೆಯಲ್ಲಿ ಮಾಗಲು ಬಿಡು, ಅಥವಾ ಎರೆಹುಳದ ಗುಂಡಿಗೆ ತೆಳ್ಳಗೆ ಹರಡು. ಬೇಸಿನ್ನಿಗೆ ಸೋರಿದ ರಸಕ್ಕೆ ಹತ್ತು ಪಟ್ಟು ನೀರು ಬೆರೆಸಿ ತೆಂಗಿನ ಬುಡಕ್ಕೆ ಸುರಿ, ಸೊಪ್ಪಿನ ಮಡಿಗೆ ಬೇಡ. ಮುಂದಿನ ವಾರ ನಿಮ್ಮ ದೊಡ್ಡಪ್ಪ ಆ ಕಡೆ ಬರುತ್ತಾರೆ, ಅಟ್ಟದ ಮೇಲಿರುವ ಹಳೆ ಟಬ್ಬು ಅವರ ಕೈಯಲ್ಲಿ ಕಳಿಸುತ್ತೀನಿ. ತೂತು ನೀನೇ ಹಾಕಿಸಿಕೋ.